ನೋಡದ ಕುಸ್ತಿ

ಕೊಪ್ಪಳದ ಕೊಟ್ರಬಸಪ್ಪನಿಗೆ ಇಪ್ಪತ್ಮೂರು ತುಂಬಿದ್ದರೂ ಅವನು ಸಮಾಧಾನವಾಗಿ ಕೂತು ಉಂಡದ್ದನ್ನು ತಾಯಿ ಶಿವಬಸಮ್ಮ ಕಂಡಿರಲಿಲ್ಲ. ಗಂಗಾಳದ ಮುಂದೆ ಕೂತಾಗಲೂ ಒಂದು ಮೊಣಕಾಲು ಎದ್ದೇ ಇರುತ್ತಿತ್ತು. ಬೀದಿಯಲ್ಲಿ ಮೋಟಾರಿನ ಸದ್ದು ಕೇಳಿದರೆ ಮುರಿದ ರೊಟ್ಟಿ ಕೈಯಲ್ಲೇ ಉಳಿಯುತ್ತಿತ್ತು. ಅಣ್ಣ ಹಂಪಣ್ಣ ಪೇಟೆಯಲ್ಲಿ ಶೇಂಗಾ, ಕುಸುಬಿಯ ಅಂಗಡಿ ನಡೆಸುತ್ತಿದ್ದ. ತಂದೆ ತೀರಿಕೊಂಡ ಮೇಲೆ ತಮ್ಮನೂ ಗಾದಿಯ ಮೇಲೆ ಬಂದು ಕೂರುತ್ತಾನೆಂದು ಮೂರು ವರ್ಷ ಕಾದು, ಆಮೇಲೆ ಕಾಯುವುದನ್ನು ಬಿಟ್ಟಿದ್ದ.

ಕೊಟ್ರಬಸಪ್ಪ ಗದಗಿನಲ್ಲಿ ಕನ್ನಡ ಸಾಲೆ ಓದಿ ಬಂದವನು. ನಿಜಾಮರ ಸೀಮೆಯ ಕಚೇರಿಗಳಲ್ಲಿ ಕೆಲಸ ಸಿಗಬೇಕಾದರೆ ಉರ್ದು ಬರಬೇಕಿತ್ತು, ಅವನ ಉರ್ದು ಅಷ್ಟಕ್ಕಷ್ಟೇ. ಚೆನ್ನಾಗಿ ಬರುತ್ತಿದ್ದದ್ದು ಒಂದೇ, ಕುಸ್ತಿಯ ವಿಷಯ. ತಾನೇ ಎರಡು ವರ್ಷ ಗರಡಿಯ ಮಣ್ಣು ಮೆತ್ತಿಕೊಂಡಿದ್ದ. ಹೆಗಲೆಲುಬು ಸರಿದು ಅದು ನಿಂತಿತು, ಆದರೆ ಕಣ್ಣು ನಿಲ್ಲಲಿಲ್ಲ. ಯಾವ ಪೈಲವಾನ ಯಾವ ಕಾಲಿನ ಮೇಲೆ ಭಾರ ಹಾಕುತ್ತಾನೆ, ಉಸಿರು ಸೋತಾಗ ಯಾರ ಗದ್ದ ಮೇಲೇಳುತ್ತದೆ, ಎಲ್ಲವೂ ಅವನ ಕಣ್ಣಿಗೆ ಬೀಳುತ್ತಿತ್ತು. ಒಂದು ಸಲ ಗಂಗಾವತಿಯ ಕುಸ್ತಿಯ ಸುದ್ದಿ ಬರೆದು ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಕಳಿಸಿದ್ದ. ಅದು ಅಚ್ಚಾಯಿತು. ಅಂದಿನಿಂದ ಅವನು ಆ ಪತ್ರಿಕೆಯ ಬಾತ್ಮೀದಾರ.

ಬಾತ್ಮೀದಾರ ಎನ್ನಿಸಿಕೊಳ್ಳುವುದು ಸುಲಭ, ಅದರ ಮೇಲೆ ಬದುಕುವುದು ಕಷ್ಟ. ಗೇಣುದ್ದ ಅಚ್ಚಾದರೆ ಆರಾಣೆ ಕೊಡುತ್ತಿದ್ದರು. ಅಚ್ಚಾಗದಿದ್ದರೆ ಅಂಚೆಯ ಖರ್ಚೂ ಅವನದೇ. ಹೆಸರು ಹಾಕುತ್ತಿರಲಿಲ್ಲ, ‘ನಮ್ಮ ಬಾತ್ಮೀದಾರರಿಂದ’ ಎಂದಷ್ಟೇ. ಕುಷ್ಟಗಿಗೆ ಹೋಗಿಬರುವ ಮೋಟಾರಿನ ಬಾಡಿಗೆ ಕಳೆದರೆ ಉಳಿಯುತ್ತಿದ್ದದ್ದು ಒಂದು ಚಹಾ, ಒಂದು ಮಂಡಕ್ಕಿ ಗಿರ್ಮಿಟ್ಟು. ಬ್ರಿಟಿಷರ ಸೀಮೆಯ ಪತ್ರಿಕೆಗೆ ಏನೋ ಬರೆಯುತ್ತಾನಂತೆ ಎಂದು ಪೊಲೀಸ್ ಠಾಣೆಯ ಅಮೀನಸಾಹೇಬರು ಎರಡು ಸಲ ಕರೆಸಿದ್ದರು. ಕಾಗದಗಳನ್ನೆಲ್ಲ ತಿರುವಿ ಹಾಕಿಸಿ, ಬರೀ ಪೈಲವಾನರ ಹೆಸರೇ ಕಂಡು, ಇದಕ್ಕೂ ಯಾರಾದರೂ ದುಡ್ಡು ಕೊಡುತ್ತಾರೇನು ಎಂದು ಕೇಳಿ ಬಿಟ್ಟುಬಿಟ್ಟಿದ್ದರು. ಅದೇ ಪ್ರಶ್ನೆಯನ್ನು ಹಂಪಣ್ಣ ವಾರಕ್ಕೊಮ್ಮೆ ಕೇಳುತ್ತಿದ್ದ.

ಎರಡನೆಯ ಮಹಾಯುದ್ಧ ಶುರುವಾದ ಮೇಲಿನ ಮೊದಲ ಬೇಸಿಗೆಯಲ್ಲಿ, ಒಂದೇ ಆದಿತ್ಯವಾರ ಎರಡು ಕಡೆ ಕುಸ್ತಿ ಗೊತ್ತಾದವು. ಕುಷ್ಟಗಿಯಲ್ಲಿ ಬೆಳಿಗ್ಗೆ, ಯಲಬುರ್ಗಾದಲ್ಲಿ ಸಂಜೆ. ಯಲಬುರ್ಗಾದ್ದು ದೊಡ್ಡದು. ಗಂಗಾವತಿಯ ಯಮನೂರಸಾಬನಿಗೂ ಯಲಬುರ್ಗಾ ಕಡೆಯ ಹಳ್ಳಿಯ ಕುರುಬರ ಕನಕಪ್ಪನಿಗೂ ಕೊನೆಯ ಜೋಡಿ. ಗೆದ್ದವನಿಗೆ ಬೆಳ್ಳಿಯ ಕಡಗ. ಎರಡೂ ಕುಸ್ತಿಯ ಬಾತ್ಮಿ ಹೋದರೆ ಎರಡು ಗೇಣು ಅಚ್ಚಾಗುತ್ತದೆ. ಕೊಟ್ರಬಸಪ್ಪ ಲೆಕ್ಕ ಹಾಕಿದ: ಕುಷ್ಟಗಿಯಲ್ಲಿ ಮಧ್ಯಾಹ್ನದ ಮೋಟಾರು ಹಿಡಿದರೆ ನಾಲ್ಕಕ್ಕೆ ಯಲಬುರ್ಗಾ.

ಮೋಟಾರು ಎರಡು ಹರದಾರಿ ಬಂದು ನಿಂತುಬಿಟ್ಟಿತು. ಅಚ್ಚು ಮುರಿದಿತ್ತು. ಉಳಿದವರು ಜಾಲಿಗಿಡದ ನೆರಳು ನೋಡಿ ಕೂತರು, ಇವನು ನಡೆದ. ಬಿಸಿಲಿಗೆ ಎರೆಹೊಲದ ಬಿರುಕುಗಳಿಂದ ಝಳ ಏಳುತ್ತಿತ್ತು. ನಡುವೆ ಒಂದಿಷ್ಟು ದೂರ ಮೇವಿನ ಚಕ್ಕಡಿ ಸಿಕ್ಕಿತು, ಎತ್ತುಗಳ ನಡಿಗೆ ನೋಡಲಾರದೆ ಇಳಿದು ಮತ್ತೆ ನಡೆದ. ಹೊತ್ತು ಮುಳುಗಿದಾಗ ಯಲಬುರ್ಗಾ ಇನ್ನೂ ಒಂದು ಹರದಾರಿ ಇತ್ತು, ಎದುರಿನಿಂದ ಕುಸ್ತಿ ನೋಡಿದ ಜನ ಚಕ್ಕಡಿಗಳಲ್ಲಿ ತಿರುಗಿ ಬರುತ್ತಿದ್ದರು.

“ಕಡಗದ ಕುಸ್ತಿ ಏನಾತ್ರಿ?” ಎಂದು ಮೊದಲ ಚಕ್ಕಡಿಯವನನ್ನು ಕೇಳಿದ.

“ಗಂಗಾವತಿಯಾಂವ ಎತ್ತಿ ಒಗದ ನೋಡ್ರಿ,” ಎಂದ ಅವನು, ಎತ್ತು ನಿಲ್ಲಿಸದೆಯೇ.

ಹಿಂದೆ ಇನ್ನೂ ಏಳೆಂಟು ಚಕ್ಕಡಿ ಬರುತ್ತಿದ್ದವು. ಇನ್ನೊಬ್ಬನನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೊಪ್ಪಳದ ಕಡೆ ಹೊರಟಿದ್ದ ಹತ್ತಿಯ ಲಾರಿಯೊಂದು ಸಿಕ್ಕಿತು. ಬೆಳಗಿನ ರೈಲಿನ ಟಪಾಲಿಗೆ ಕಾಗದ ಹಾಕದಿದ್ದರೆ ಆ ವಾರದ ಪತ್ರಿಕೆ ತಪ್ಪುತ್ತಿತ್ತು. ಲಾರಿಯ ಮೇಲೆ ಕೂತೇ ಮನಸ್ಸಿನಲ್ಲಿ ಬರೆಯತೊಡಗಿದ.

ಕುಷ್ಟಗಿಯ ಬಾತ್ಮಿಯನ್ನು ಹನ್ನೆರಡು ಸಾಲಿನಲ್ಲಿ ಮುಗಿಸಿದ. ಯಲಬುರ್ಗಾದ್ದು ಬೆಳೆಯುತ್ತಲೇ ಹೋಯಿತು. ಇಬ್ಬರನ್ನೂ ಹಿಂದೆ ಎರಡೆರಡು ಸಲ ನೋಡಿದ್ದ. ಯಮನೂರಸಾಬ ಮೊದಲು ಕೊರಳಿಗೆ ಕೈ ಹಾಕಿ ತಾಳ್ಮೆಯಿಂದ ತೂಗುತ್ತಾನೆ. ಕನಕಪ್ಪ ಗೂಳಿಯ ಹಾಗೆ ನುಗ್ಗುತ್ತಾನೆ, ಆದರೆ ದಣಿದಾಗ ಅವನ ಎಡಗಾಲು ಹಿಂದೆ ಉಳಿಯುತ್ತದೆ. ಕೊಟ್ರಬಸಪ್ಪನ ಬಾತ್ಮಿಯಲ್ಲಿ ಯಮನೂರಸಾಬ ಆ ಎಡಗಾಲಿಗಾಗಿಯೇ ಕಾದ. ಹದಿನೇಳನೆಯ ನಿಮಿಷಕ್ಕೆ ಅದು ಹಿಂದೆ ಉಳಿಯಿತು. ಕೈ ಹಾಕಿ ಹೆಗಲಿಗೆ ಹೇರಿಕೊಂಡು ಕೆಡವಿದ. ಕನಕಪ್ಪನ ಬೆನ್ನು ನೆಲಕ್ಕೆ ತಾಕಿದಾಗ ಹಲಗೆ ಬಾರಿಸುವವನು ಬಾರಿಸುವುದನ್ನೇ ಮರೆತು ನಿಂತ. ಬರೆದು ಮುಗಿಸಿದಾಗ ಅವನಿಗೇ ಅದು ಕಣ್ಣಾರೆ ಕಂಡದ್ದೆನ್ನಿಸಿತ್ತು.

ಆ ವಾರ ಪತ್ರಿಕೆಯ ಎರಡನೆಯ ಪುಟದ ಮೇಲ್ಭಾಗಕ್ಕೆ ಅದು ಬಂತು. ಒಂದು ಸಾಲೂ ಕತ್ತರಿಸಿರಲಿಲ್ಲ. ಅದರ ಹಿಂದೆಯೇ ಸಂಪಾದಕರ ಕಾಗದ ಬಂತು. ‘ಯಲಬುರ್ಗಾದ ಬಾತ್ಮಿಯನ್ನು ಇಲ್ಲಿ ಓದದವರಿಲ್ಲ. ಓದುಗರಿಗೆ ಕಣದ ಮುಂದೆ ಕೂತಂತಾಗಿದೆ. ಆಟಗಳ ಸುದ್ದಿಗೆಂದೇ ಒಬ್ಬರನ್ನು ಸಂಬಳದ ಮೇಲೆ ಇಟ್ಟುಕೊಳ್ಳಬೇಕೆಂದಿದ್ದೇವೆ. ತಿಂಗಳಿಗೆ ಇಪ್ಪತ್ತೈದು ಬ್ರಿಟಿಷ್ ಕಲ್ದಾರ ರೂಪಾಯಿ. ಒಪ್ಪಿಗೆಯಿದ್ದರೆ ಒಂದನೆಯ ತಾರೀಖಿಗೆ ಹುಬ್ಬಳ್ಳಿಗೆ ಬರುವುದು.’

ಹಂಪಣ್ಣ ಕಾಗದವನ್ನು ಎರಡು ಸಲ ಓದಿಸಿಕೊಂಡ. “ಕುಸ್ತಿ ನೋಡಾಕ ಸಂಬಳ ಕೊಡ್ತಾರಂದ್ರ, ಲೋಕ ಭಾಳ ಮುಂದ ಹೋಗೈತಿ ಬಿಡು,” ಎಂದು ತಮ್ಮನ ಬೆನ್ನು ತಟ್ಟಿದ. ಶಿವಬಸಮ್ಮ ಕಡಲೆಬೇಳೆ ನೆನೆಹಾಕಿದಳು. ಮಗನಿಗೆ ಹೋಳಿಗೆ ಇಳಿಯಲಿಲ್ಲ. ಖುಷಿಗೇ ಹೀಗಾಗುತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಹೊಸ ಅಂಗಿಯ ಅರಿವೆ ತರಲು ಹೋಗಿ, ತಾರದೆ ತಿರುಗಿ ಬಂದ. ಸ್ಟೇಶನ್ನಿನವರೆಗೆ ಸುಮ್ಮನೆ ನಡೆದು, ಬಂದ ರೈಲು ನೋಡಿ, ಮನೆಗೆ ಬಂದ.

ಮೂರನೆಯ ದಿನ ಬೆಳಿಗ್ಗೆ ಕನಕಪ್ಪ ಬಾಗಿಲಿಗೆ ಬಂದು ನಿಂತ.

ಹೆಗಲ ಮೇಲೆ ಕಂಬಳಿ, ಮೊಣಕಾಲಿನವರೆಗೆ ಕೆಂಪು ಧೂಳು. ಬಾಗಿಲು ತಲೆಗೆ ತಾಕೀತೆಂದು ಬಗ್ಗಿದ್ದ. ರುಮಾಲಿನ ಮಡಿಕೆಯೊಳಗಿಂದ ಪತ್ರಿಕೆಯ ಹಾಳೆ ಇಣುಕುತ್ತಿತ್ತು.

“ಕೊಟ್ರಬಸಪ್ಪನೋರು ಅಂದ್ರ ನೀವ ಏನ್ರಿ?”

“ಹೌದು. ಬಾ ಕನಕಪ್ಪ, ಕುಂದರು.”

“ನನ್ನ ಗುರ್ತು ಐತೇನ್ರಿ ನಿಮಗ?”

“ಕುಕನೂರಾಗ ನೋಡೀನಿ. ಹೋದ ವರ್ಷ ಗಂಗಾವತ್ಯಾಗೂ ನೋಡೀನಿ.”

“ಯಲಬುರ್ಗಾದಾಗ?”

ಕೊಟ್ರಬಸಪ್ಪ ಚಾಪೆ ಹಾಸುವ ನೆಪದಲ್ಲಿ ಬಗ್ಗಿದ. ಕನಕಪ್ಪ ಗೋಡೆಗೆ ಬೆನ್ನು ಹಚ್ಚದೆ ನೆಟ್ಟಗೆ ಕೂತು, ಹಾಳೆಯನ್ನು ಬಿಡಿಸಿ ಮುಂದಿಟ್ಟ.

“ಇದನ್ನ ಒಂದು ಸಲ ಓದ್ರಿ ಅಣ್ಣಾರ. ನಮ್ಮೂರ ಸಾಲಿ ಮಾಸ್ತರು ಓದಿ ಹೇಳ್ಯಾರ, ಈ ಸೀಮ್ಯಾಗ ಕುಸ್ತಿ ಸುದ್ದಿ ಬರಿಯೋರು ನೀವೊಬ್ರ ಅಂದ್ರು. ಬರದವರ ಬಾಯಿಲೆ ಕೇಳಬೇಕು ಅಂತ ಬಂದೀನಿ.”

ಓದದೆ ಗತಿಯಿರಲಿಲ್ಲ. ಕೊಟ್ರಬಸಪ್ಪ ಓದಿದ. ತನ್ನ ದನಿ ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು. ಹಲಗೆಯವನು ಬಾರಿಸುವುದನ್ನು ಮರೆತು ನಿಂತಲ್ಲಿಗೆ ಬಂದಾಗ ಬೇಗ ಬೇಗ ಕೊನೆಯವರೆಗೆ ಓದಿದ. ಕನಕಪ್ಪ ಕಥೆ ಕೇಳುವವನ ಹಾಗೆ ಕಣ್ಣುಮುಚ್ಚಿ ಕೇಳುತ್ತಿದ್ದ.

“ಛಲೋ ಬರದೀರಿ,” ಎಂದ. “ನಾ ಬಿದ್ದಿದ್ರ ಹಿಂಗ ಬೀಳ್ತಿದ್ದೆ. ದಣದಾಗ ಎಡಗಾಲು ಹಿಂದ ಉಳಿತೈತಿ ಅಂತ ನಮ್ಮ ಉಸ್ತಾದರಿಗೆ ಬಿಟ್ರ ಯಾರಿಗೂ ಗೊತ್ತಿರಲಿಲ್ಲ. ನೀವು ಕಂಡೀರಿ.” ಕಣ್ಣು ಬಿಟ್ಟ. “ಆದ್ರ ನಾ ಬಿದ್ದಿಲ್ರಿ.”

ಕಂಬಳಿಯನ್ನು ಸರಿಸಿ ಬಲಗೈ ತೋರಿಸಿದ. ಬೆಳ್ಳಿಯ ಕಡಗ ಅಲ್ಲಿತ್ತು. ಇಪ್ಪತ್ತು ನಿಮಿಷಕ್ಕೆ ಯಮನೂರಸಾಬನನ್ನು ಅವನು ಚಿತ್ ಮಾಡಿದ್ದ. ಗಂಗಾವತಿಯವನೊಬ್ಬ ಎತ್ತಿ ಒಗೆದದ್ದೂ ನಿಜ, ಅದು ಅದಕ್ಕೂ ಮೊದಲಿನ ಬೇರೆ ಜೋಡಿಯ ಕುಸ್ತಿ; ಮೊದಲ ಚಕ್ಕಡಿಯವನು ಅಷ್ಟನ್ನೇ ನೋಡಿ ಹೊರಟಿದ್ದಿರಬೇಕು.

“ನೀವು ಬಂದಿದ್ದಿಲ್ಲ, ಹೌದಲ್ರಿ?”

“ಬಂದಿದ್ದಿಲ್ಲ,” ಎಂದ ಕೊಟ್ರಬಸಪ್ಪ. “ದಾರ್ಯಾಗ ಕೇಳಿದೆ. ಕೇಳಿ ಬರದೆ.”

ಕನಕಪ್ಪ ಬಯ್ಯಲಿಲ್ಲ. ಆದದ್ದನ್ನು ಮಾತ್ರ ಹೇಳಿದ. ಹುಬ್ಬಳ್ಳಿಯಲ್ಲಿ ಮುಂದಿನ ವಾರ ದೊಡ್ಡ ಕುಸ್ತಿ ಇತ್ತು. ಹತ್ತಿ ವ್ಯಾಪಾರದ ಒಬ್ಬ ಸಾವಕಾರರು ನಡೆಸುವುದು. ಯಲಬುರ್ಗಾದಲ್ಲಿ ಗೆದ್ದವನನ್ನು ಅಲ್ಲಿ ದೊಡ್ಡ ಜೋಡಿಗೆ ಬಿಡುತ್ತೇವೆಂದು ಮೊದಲೇ ಹೇಳಿ ಕಳಿಸಿದ್ದರು. ಅಲ್ಲಿ ಚೆನ್ನಾಗಿ ಆಡಿದರೆ ಅವರದೇ ತಾಲೀಮಿನ ಗರಡಿಯಲ್ಲಿ ಇರಲು ಕೋಣೆ, ವರ್ಷದ ಖುರಾಕು, ಅಂದರೆ ಹಾಲು, ತುಪ್ಪ, ಬಾದಾಮಿ, ಎಲ್ಲ ಅವರದೇ. ಪತ್ರಿಕೆ ಓದಿದ ಸಾವಕಾರರು ಜಾಹೀರಾತಿನಲ್ಲಿ ಯಮನೂರಸಾಬನ ಹೆಸರು ಹಾಕಿಸಿದ್ದರು.

“ನಾ ಗೆದ್ದೀನಿ ಅಂತ ಹೇಳಿ ಕಳಿಸಿದ್ನಿ. ಅಚ್ಚಾಗಿ ಬಂದದ್ದು ಸುಳ್ಳು ಹೆಂಗಾಕ್ಕೈತಿ ಅಂದ್ರಂತ. ಕಡಗ ಯಾರರ ಮಾಡಿಸ್ಕೋಬಹುದು ಅಂದ್ರಂತ.” ಕನಕಪ್ಪ ಹಾಳೆಯನ್ನು ಮತ್ತೆ ಹಳೆಯ ಮಡಿಕೆಗಳಲ್ಲೇ ಮಡಿಸಿದ. “ಈಗ ನೀವ ಹೇಳ್ರಿ. ಏನ್ ಮಾಡ್ಲಿ?”

ಶಿವಬಸಮ್ಮ ಒಳಗಿನಿಂದ ಬಂದು ಅವನ ಮುಂದೆ ರೊಟ್ಟಿ, ಹೋಳಿಗೆ ಇಟ್ಟಳು. ಅವನು ಉಂಡು, ಗಂಗಾಳವನ್ನು ತಾನೇ ತೊಳೆದಿಟ್ಟು, ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಕಾಯುತ್ತೇನೆ ಎನ್ನಲೂ ಇಲ್ಲ, ಹೋಗುತ್ತೇನೆ ಎನ್ನಲೂ ಇಲ್ಲ.

ಕೊಟ್ರಬಸಪ್ಪ ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ತಿರುಗಾಡಿದ. ಒಂದನೆಯ ತಾರೀಖಿಗೆ ಇನ್ನು ಆರೇ ದಿನ. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹುಬ್ಬಳ್ಳಿಗೆ ಹೋದ ಮೇಲೆ ಕನಕಪ್ಪನ ಬಗ್ಗೆ ಬೇಕಾದಷ್ಟು ಚೆನ್ನಾಗಿ ಬರೆದು ಋಣ ತೀರಿಸಬಹುದು. ಈ ಮಾತು ಸರಿ ಎಂದು ಒಂದು ಸಲ ಅನ್ನಿಸುತ್ತಿತ್ತು. ಹಿತ್ತಲಿನ ಬಾಗಿಲು ಮುಟ್ಟಿ ತಿರುಗುವಷ್ಟರಲ್ಲಿ ಹೊಲಸು ಅನ್ನಿಸುತ್ತಿತ್ತು.

“ಅವ್ವ, ನೀನು ಎಲ್ಲಾ ಕೇಳಿದೇನು?”

“ಕೇಳಿದೆ.” ಶಿವಬಸಮ್ಮ ಒಲೆಯ ಬೂದಿ ಕೆದರುತ್ತಿದ್ದಳು. “ನೌಕರಿ ಹೋಗ್ತೈತೇನು?”

“ಹೋಗ್ತೈತಿ.”

ಅವಳು ಬೂದಿ ಕೆದರುವುದನ್ನು ಬಿಟ್ಟು ಮಗನ ಕಡೆ ತಿರುಗಿದಳು. “ಮೂರು ದಿನ ಆತು, ನೀ ನೆಟ್ಟಗ ಉಂಡಿಲ್ಲ, ನಿದ್ದಿ ಮಾಡಿಲ್ಲ,” ಎಂದಳು. “ನೌಕರಿ ಸಿಕ್ಕ ಮ್ಯಾಲೂ ಹಿಂಗ ಇರಾವ ಇದ್ರ, ಅದ್ಯಾಕ ಬೇಕು ನಿನಗ? ಆ ಹುಡುಗ ದಾರಿ ನೋಡಾಕತ್ತಾನ. ಹೋಗು.”

ಮಧ್ಯಾಹ್ನದ ರೈಲಿಗೆ ಇಬ್ಬರೂ ಹುಬ್ಬಳ್ಳಿಗೆ ಹೊರಟರು. ಕನಕಪ್ಪ ಮೊದಲ ಸಲ ರೈಲು ಹತ್ತಿದ್ದ. ಕಿಟಕಿಯ ಸರಳು ಹಿಡಿದುಕೊಂಡು, ಓಡುವ ಹೊಲಗಳಲ್ಲಿ ಕುರಿಹಿಂಡು ಕಂಡಾಗಲೆಲ್ಲ ಬಾಯಲ್ಲೇ ಎಣಿಸುತ್ತ ಕೂತಿದ್ದ. ಕೊಟ್ರಬಸಪ್ಪ ಮಾತ್ರ ಪ್ರತಿ ಸ್ಟೇಶನ್ನಿನಲ್ಲೂ ಇಳಿದು ಹತ್ತಿದ.

ಸಂಪಾದಕರು ಐವತ್ತರ ಗೃಹಸ್ಥರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮಾತಾಡುವವರು. ಅಚ್ಚುಕೂಟದ ಮಸಿ ವಾಸನೆಯ ನಡುವೆ ನಿಂತು ಕೊಟ್ರಬಸಪ್ಪ ಎಲ್ಲವನ್ನೂ ಹೇಳಿದ. ಮೋಟಾರಿನ ಅಚ್ಚು ಮುರಿದದ್ದನ್ನು ಹೇಳಹೊರಟವನು ಅದು ನೆಪವಾದೀತೆಂದು ಬಿಟ್ಟ. ಅವರು ಕನ್ನಡಕ ಇಳಿಸಿ ಹಾಕಿಕೊಂಡು ಅವನನ್ನು ನೋಡಿದರು.

“ಒಂದು ಸಾಲು, ‘ಫಲಿತಾಂಶ ಕೇಳಿ ತಿಳಿದದ್ದು’ ಅಂತ ಬರದಿದ್ರ ಸಾಕಿತ್ತಲ್ಲ ಕೊಟ್ರಬಸಪ್ಪನವರ.”

“ಹಂಗ ಬರದ್ರ ನಾಕ ಸಾಲಷ್ಟ ಅಚ್ಚಾಗ್ತಿತ್ತು ಸರ್.”

ಅವರಿಗೆ ಅರ್ಥವಾಯಿತು. ಗೇಣಿಗೆ ಆರಾಣೆ ಗೊತ್ತು ಮಾಡಿದವರು ಅವರೇ. ಮೇಜಿನ ಮೇಲಿನ ಅಚ್ಚಿನ ಮೊಳೆಗಳನ್ನು ಬೆರಳಿನಿಂದ ಸರಿಸಿದರು. “ತಿದ್ದುಪಡಿ ಹಾಕ್ತೀನಿ. ಸಾವಕಾರರಿಗೆ ಚೀಟಿನೂ ಕೊಡ್ತೀನಿ, ತಪ್ಪು ನಮ್ಮದು ಅಂತ. ಆದ್ರ ನಿಮ್ಮನ್ನ ಸಂಬಳಕ್ಕ ಇಟ್ಕೊಳ್ಳಾಕ ಆಗೂದಿಲ್ಲ. ಬಾತ್ಮೀದಾರರ ಪಟ್ಟಿಯೊಳಗೂ ಸದ್ಯ ಬ್ಯಾಡ. ಸಿಟ್ಟಿಲ್ಲ ನನಗ. ಇನ್ನ ಮ್ಯಾಲೆ ನಿಮ್ಮ ಬಾತ್ಮಿ ಓದುವಾಗೆಲ್ಲ, ಇಂವ ಹೋಗಿದ್ನೋ ಇಲ್ಲೋ ಅನ್ನಿಸ್ತೈತಿ. ಅದರ ಜೋಡಿ ನಾ ಪತ್ರಿಕೆ ನಡಸಾಕಾಗೂದಿಲ್ಲ.”

ಚೀಟಿ ಹಿಡಿದು ಸಾವಕಾರರ ತಾಲೀಮಿಗೆ ಹೋದರೆ, ಅಲ್ಲಿ ಯಮನೂರಸಾಬ ಹೊರಗಿನ ಬೇವಿನ ಗಿಡದ ಕೆಳಗೆ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ. ಕುಸ್ತಿಗೆ ನಾಲ್ಕು ದಿನ ಮೊದಲೇ ಬಂದಿದ್ದ. ಕನಕಪ್ಪನನ್ನು ಕಂಡವನೇ ಎದ್ದು ನಿಂತ, ಜೊತೆಯವನು ಯಾರೆಂದು ಕೇಳಿ ತಿಳಿದುಕೊಂಡ.

“ಮರುದಿನನ ಊರಾಗ ಹೇಳಿದ್ನಿ, ನಾ ಬಿದ್ದೆ ಅಂತ,” ಎಂದ ಕೊಟ್ರಬಸಪ್ಪನಿಗೆ. “ಪೇಪರ್ ಬಂದ ಮ್ಯಾಲೆ ನನ್ನ ಮಾತ ಯಾರೂ ನಂಬವೊಲ್ರು. ನಮ್ಮಮ್ಮನೂ ನಂಬಲಿಲ್ಲ. ಜಾಹೀರಾತಿನ್ಯಾಗ ಹೆಸರು ಬಂತು, ಬಂದೆ. ಮನ್ಯಾಗ ಆರು ಮಂದಿ ಅದೀವಿ. ಈ ಜೋಡಿ ಬಿಡು ಅಂದ್ರ ನಾ ಬಿಡೂದಿಲ್ಲ, ಮೊದಲ ಹೇಳಿಬಿಡ್ತೀನಿ.”

“ಬಿಡಬ್ಯಾಡ,” ಎಂದ ಕನಕಪ್ಪ. “ನನಗ ಬ್ಯಾರೆ ಜೋಡಿ ಕೊಡ್ಲಿ.”

ಆದರೆ ಸಾವಕಾರರ ಮುಂದೆ ಹೋಗಿ ನಿಂತು ಮಾತಾಡಿದವನು ಯಮನೂರಸಾಬನೇ. ಈತ ನನ್ನನ್ನು ಚಿತ್ ಮಾಡಿದ್ದಾನೆ, ನನ್ನ ಬೆನ್ನಿಗೆ ಮಣ್ಣು ಹತ್ತಿದ್ದು ಸಾವಿರ ಜನ ನೋಡಿದ್ದಾರೆ ಎಂದ. ಸಾವಕಾರರು ಚೀಟಿ ಓದಿ, ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿ, ಜಾಹೀರಾತು ಹಂಚಿಯಾಗಿದೆ ಎಂದರು. ಕೊನೆಗೆ, ಎರಡನೆಯ ದಿನ ಬೆಳಗಾವಿಯ ಕಡೆಯ ಒಬ್ಬ ಪೈಲವಾನನಿಗೆ ಜೋಡಿ ಸಿಕ್ಕಿಲ್ಲ, ಬೇಕಾದರೆ ಅವನ ಜೊತೆ ಆಡಲಿ ಎಂದು ಒಪ್ಪಿದರು.

ಕೊಟ್ರಬಸಪ್ಪ ಊರಿಗೆ ತಿರುಗಲಿಲ್ಲ. ತಾಲೀಮಿನ ಕಟ್ಟೆಯ ಮೇಲೆ ಮಲಗಿ, ಕನಕಪ್ಪನಿಗೆ ಹಾಲು ತಂದುಕೊಟ್ಟು, ಐದು ದಿನ ಕಳೆದ. ಕುಸ್ತಿಯ ದಿನ ಕಣದ ಅಂಚಿನಲ್ಲಿ ಮಣ್ಣು ಮೈಮೇಲೆ ಸಿಡಿಯುವಷ್ಟು ಹತ್ತಿರ ಕೂತ. ಬೆಳಗಾವಿಯವನು ಸಲಾಮು ಮಾಡಿ ಕೈ ಕೊಟ್ಟವನೇ ನೇರವಾಗಿ ಕನಕಪ್ಪನ ಎಡಗಾಲಿಗೆ ಹೋದ. ಪತ್ರಿಕೆಯನ್ನು ಅವನೂ ಓದಿದ್ದ, ಅಥವಾ ಓದಿಸಿಕೊಂಡಿದ್ದ.

ಕೊಟ್ರಬಸಪ್ಪ ಕೂತಲ್ಲಿಂದ ಅರ್ಧ ಎದ್ದ. ಮತ್ತೆ ಮತ್ತೆ ಅದೇ ಕಾಲು. ಕನಕಪ್ಪ ನುಗ್ಗುವುದನ್ನು ಬಿಟ್ಟಿದ್ದ. ಎಡಗಾಲನ್ನು ಹಿಂದಿಟ್ಟು ಸುತ್ತುತ್ತಿದ್ದ, ಬಿದ್ದರೆ ಬೋರಲಾಗಿ ಬೀಳುತ್ತಿದ್ದ, ಬೆನ್ನನ್ನು ಮಾತ್ರ ಕೊಡುತ್ತಿರಲಿಲ್ಲ. ಅದು ನೋಡಲು ಚೆಂದದ ಕುಸ್ತಿಯಾಗಿರಲಿಲ್ಲ. ಜನ ಬೇಸತ್ತು ಕೂಗತೊಡಗಿದರು. ಮೂವತ್ತೈದು ನಿಮಿಷವಾದ ಮೇಲೆ ಬೆಳಗಾವಿಯವನ ಗದ್ದ ಮೇಲೆದ್ದಿತು, ಉಸಿರು ಸೋತಿತ್ತು. ಆದರೆ ಅಷ್ಟರಲ್ಲಿ ಕನಕಪ್ಪನ ಮೈಯಲ್ಲೂ ಏನೂ ಉಳಿದಿರಲಿಲ್ಲ. ಪಂಚರು ಇಬ್ಬರ ಕೈಯನ್ನೂ ಎತ್ತಿ ಸಮ ಎಂದು ಬಿಡಿಸಿದರು. ಅದಕ್ಕೂ ಹಿಂದಿನ ದಿನ ಯಮನೂರಸಾಬ ತನ್ನ ಜೋಡಿಯಲ್ಲಿ ಒಂಬತ್ತೇ ನಿಮಿಷಕ್ಕೆ ಬಿದ್ದಿದ್ದ. ತಾಲೀಮಿನ ಕೋಣೆ ಇಬ್ಬರಿಗೂ ಸಿಗಲಿಲ್ಲ. ದಸರೆಗೆ ಬಾ, ನೋಡೋಣ ಎಂದು ಸಾವಕಾರರು ಕನಕಪ್ಪನಿಗೆ ಒಂದು ರುಮಾಲು ಸುತ್ತಿಸಿ ಕಳಿಸಿದರು.

ರೈಲಿನಲ್ಲಿ ಕನಕಪ್ಪ ಎಡ ಮೊಣಕಾಲಿಗೆ ಒದ್ದೆ ಅರಿವೆ ಕಟ್ಟಿಕೊಂಡು ಕೂತಿದ್ದ.

“ಇದನ್ನ ಬರೀತೀರೇನ್ರಿ?” ಎಂದು ಕೇಳಿದ.

“ಯಾರಿಗೆ ಬರೀಲಿ? ಹಾಕವ್ರು ಯಾರದಾರ?”

“ಹಾಕದಿದ್ರ ಬಿಡ್ಲಿ. ಬರೀರಿ. ಅವತ್ತು ನೀವು ಬರಲಿಲ್ಲ. ಇವತ್ತು ಇದ್ರಿ.”

ಗದಗ ದಾಟಿದ ಮೇಲೆ ಕೊಟ್ರಬಸಪ್ಪ ಜೇಬಿನಿಂದ ಪೆನ್ಸಿಲ್ಲು ತೆಗೆದ. ಜನ ಬೇಸತ್ತು ಕೂಗಿದ್ದನ್ನೂ, ಬೆಳಗಾವಿಯವನು ಆ ಕಾಲಿಗೇ ಏಕೆ ಹೋದನೆಂಬುದನ್ನೂ ಬರೆದ. ಕೊಪ್ಪಳದಲ್ಲಿ ಇಳಿಯುವ ಮುಂಚೆ ಓದಿ ತೋರಿಸಿದ. ಕನಕಪ್ಪ, “ಇದು ಅವತ್ತಿನಷ್ಟು ಛಲೋ ಇಲ್ಲ,” ಎಂದ. ಆಮೇಲೆ, “ಆದ್ರ ಇಟ್ಕೋರಿ,” ಎಂದು ಇಳಿದು, ಕುಂಟುತ್ತ, ತನ್ನ ಊರಿನ ದಾರಿ ಹಿಡಿದ. ದಸರೆಗೆ ಹೋಗಿ ಅವನು ಮತ್ತೆ ಆಡಿದ, ಸೋತ. ಆಮೇಲೂ ನಾಲ್ಕೈದು ವರ್ಷ ಯಲಬುರ್ಗಾ, ಕುಷ್ಟಗಿಗಳಲ್ಲಿ ಅವನನ್ನು ಕೆಡವಿದವರಿರಲಿಲ್ಲ.

ಹುಬ್ಬಳ್ಳಿಯ ಆ ಸಂಬಳದ ಕೆಲಸಕ್ಕೆ ಬೇರೊಬ್ಬ ಹುಡುಗ ಸೇರಿದ. ಯುದ್ಧ ಜೋರಾಗಿ ಕಾಗದ ಸಿಗದಂತಾದಾಗ ಪತ್ರಿಕೆ ನಾಲ್ಕೇ ಪುಟಕ್ಕಿಳಿಯಿತು, ಆಟದ ಸುದ್ದಿ ನಿಂತು ಅವನೂ ಮನೆಗೆ ಹೋದನಂತೆ. ಈ ಮಾತು ಕೇಳಿ ಹಂಪಣ್ಣ, ನೀ ಹೋಗಿದ್ದರೂ ಹೀಗೇ ಆಗುತ್ತಿತ್ತು ಎಂದು ಸಮಾಧಾನ ಹೇಳಿದ. ತಮ್ಮನಿಗೆ ಅದರಿಂದ ಏನೂ ಸಮಾಧಾನವಾಗಲಿಲ್ಲ. ಒಂದು ಹಂಗಾಮು ಅಂಗಡಿಯಲ್ಲಿ ಕೂತು ನೋಡಿದ. ಗಿರಾಕಿಗಳು ಶೇಂಗಾ ತೂಗಿಸುತ್ತಿದ್ದರೆ ಇವನು ಅವರ ನಿಲುವು ನೋಡುತ್ತ ತಕ್ಕಡಿ ಮರೆಯುತ್ತಿದ್ದ. ಆಮೇಲೆ ಕೊಪ್ಪಳದ ಮೋಟಾರು ನಿಲ್ಲುವ ಜಾಗದಲ್ಲಿ ಟಿಕೀಟು ಹರಿದು ಕೊಡುವ ಏಜೆಂಟನ ಕೆಲಸ ಸಿಕ್ಕಿತು. ಸಂಬಳ ಕಡಿಮೆ, ಆದರೆ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಗೆ ಪುಕ್ಕಟೆ ಪ್ರಯಾಣ. ಅದನ್ನೇ ನೋಡಿ ಆ ಕೆಲಸ ಹಿಡಿದ.

ಯುದ್ಧ ಮುಗಿಯುತ್ತ ಬಂದಾಗ ಗದಗಿನ ಒಂದು ಪತ್ರಿಕೆ ಅವನ ಕುಸ್ತಿಯ ಸುದ್ದಿಗಳನ್ನು ಹಾಕತೊಡಗಿತು. ದುಡ್ಡು ಅಲ್ಲಿಂದಲೂ ಬರಲಿಲ್ಲ, ವಾರಕ್ಕೊಂದು ಪ್ರತಿ ಬರುತ್ತಿತ್ತು. ಒಂದು ಸಲ ಹೇಮಗುಡ್ಡದ ಕೆಳಗೆ ನಡೆದ ಕುಸ್ತಿಯನ್ನು ಅರ್ಧ ನೋಡಿ, ಮೋಟಾರಿನ ಹೊತ್ತಾಯಿತೆಂದು ಎದ್ದು ಬರಬೇಕಾಯಿತು. ‘ಇಪ್ಪತ್ತೆರಡನೆಯ ನಿಮಿಷದವರೆಗೆ ಇಬ್ಬರೂ ಸಮವಾಗಿದ್ದರು. ಆಮೇಲಿನದನ್ನು ನಾನು ನೋಡಲಿಲ್ಲ’ ಎಂದು ಬರೆದು ಕಳಿಸಿದ. ಅವರು ಹಾಗೆಯೇ ಹಾಕಿದರು. ಗಂಗಾವತಿಯ ಚಹಾದಂಗಡಿಯಲ್ಲಿ ಅದನ್ನು ಓದಿ ಜನ ಬಿದ್ದು ಬಿದ್ದು ನಕ್ಕರಂತೆ. ಯಮನೂರಸಾಬ ಅಲ್ಲೇ ಇದ್ದನಂತೆ, ನಗಲಿಲ್ಲವಂತೆ.

ಶಿವಬಸಮ್ಮ ಮಗನಿಗೆ ಮದುವೆ ಮಾಡಿದಳು. ಸೊಸೆ ಪಂಪಾವತಿ ಬಂದ ಹೊಸದರಲ್ಲಿ ಅತ್ತೆಯನ್ನು, “ಇವರು ಉಣ್ಣುವಾಗರ ಒಂದೀಟು ನೆಟ್ಟಗ ಕುಂದ್ರೂದಿಲ್ಲೇನ್ರಿ?” ಎಂದು ಕೇಳಿದಳು. ಶಿವಬಸಮ್ಮ ಏನು ಹೇಳಬೇಕೆಂದು ಯೋಚಿಸುತ್ತಿರುವಾಗಲೇ ಕೊಟ್ರಬಸಪ್ಪ ಕೈ ತೊಳೆದು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಾಗಿಲು ದಾಟಿದ್ದ. ಅವತ್ತು ಕುಷ್ಟಗಿಯಲ್ಲಿ ನಾಲ್ಕು ಗಂಟೆಗೆ ಕುಸ್ತಿಯಿತ್ತು, ಅವನು ಹತ್ತಕ್ಕೇ ಹೊರಟಿದ್ದ.